ಸಂಜೆಗೆ ಮಾತ್ರ ಬರುವ ಶಬ್ದ

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಇನ್ವರ್ಟರ್ ಅಂಗಡಿಯಲ್ಲಿ ನಾನು ಸಂಬಳಕ್ಕಿದ್ದೇನೆ. ಅಂಗಿಯ ಜೇಬಿನ ಮೇಲೆ ‘ಸರ್ವಿಸ್ ಎಂಜಿನಿಯರ್’ ಎಂದು ಹೊಲಿಸಿಕೊಟ್ಟವರು ಮಾಲೀಕ ಲಕ್ಷ್ಮೀಶಣ್ಣ. ಓದಿದ್ದು ಐಟಿಐ. ಆ ಹೊಲಿಗೆಯನ್ನು ನಂಬಿರುವವರು ಪಕ್ಕದ ನಾರ್ವೆ ಹಳ್ಳಿಯಲ್ಲಿರುವ ನನ್ನ ಅಮ್ಮ ಒಬ್ಬರೇ. ಬ್ಯಾಟರಿಗೆ ನೀರು ಹಾಕುವುದು, ಟರ್ಮಿನಲ್ಲಿನ ತುಕ್ಕು ಕೆರೆಯುವುದು, ಗಿರಾಕಿಯ ಎದುರು ಗಂಭೀರವಾಗಿ ‘ಹ್ಞೂಂ’ ಅನ್ನುವುದು, ಇಷ್ಟರಲ್ಲಿ ನನ್ನ ಎಂಜಿನಿಯರಿಂಗ್ ಮುಗಿಯುತ್ತದೆ.

ಇಂಥ ನನ್ನನ್ನು ನಂಬಿ ರೇಣುಕಾಪ್ರಸಾದ್ ಎಂಬವರು ತಮ್ಮ ಹಳೆಯ ಗಿಟಾರ್ ಆಂಪ್ಲಿಫೈಯರಿನ ಶಬ್ದ ಹುಡುಕಲು ಕರೆದರು. ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್ ಅದು. ಹಚ್ಚಿದ ಮೇಲೆ ಬೆಚ್ಚಗಾಗಿ ಬಾಯಿ ಬಿಡಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೇಕು. ಆಂಪ್ಲಿಫೈಯರಿನಲ್ಲಿ ದೋಷವೇ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಶಬ್ದ ಬರುತ್ತಿದ್ದದ್ದು ಎಲ್ಲಿಂದ ಎಂದು ಯಾರಾದರೂ ಬಾಯಿಬಿಟ್ಟು ಹೇಳುವುದರ ಮೇಲೆ, ಹಾಲಿನ ಕ್ಯಾನು ಹಿಡಿದು ಗದ್ದೆಯಂಚಿನಲ್ಲಿ ನಡೆದು ಬರುವ ಒಬ್ಬ ಹೆಂಗಸಿನ ಜೀವ ನಿಂತಿತ್ತು. ಹೇಳಬೇಕಾದವರು ಇಬ್ಬರು. ಒಬ್ಬರು ರೇಣುಕಾಪ್ರಸಾದ್. ಇನ್ನೊಬ್ಬ, ಎಂಜಿನಿಯರ್ ರಾಕೇಶ, ಅಂದರೆ ನಾನು.

ಅವರ ಮನೆ ನರಸಿಂಹರಾಜಪುರದಿಂದ ಬಾಳೆಹೊನ್ನೂರಿನ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಮನೆಯ ಹಿಂದೆ ಗದ್ದೆ, ಗದ್ದೆಯ ಆಚೆ ಬದಿಯಲ್ಲಿ ಅವರ ಹೆಂಡತಿ ಪ್ರೇಮಕ್ಕನ ಅಣ್ಣ ಮರುಳಸಿದ್ದಪ್ಪನವರ ದೊಡ್ಡ ಮನೆ. ಗದ್ದೆ ಮರುಳಸಿದ್ದಪ್ಪನವರದು. ರೇಣುಕಾಪ್ರಸಾದರ ಮನೆ ನಿಂತಿರುವ ಜಾಗವೂ ಅವರು ತಂಗಿಗೆಂದು ಬಿಟ್ಟುಕೊಟ್ಟದ್ದು.

ಒಂದು ಕಾಲದಲ್ಲಿ ರೇಣುಕಾಪ್ರಸಾದ್ ಈ ಮೂರು ತಾಲೂಕಿನಲ್ಲಿ ಮದುವೆ, ಗಣಪತಿ ಎಲ್ಲ ಕಡೆ ಬಾರಿಸುತ್ತಿದ್ದ ಆರ್ಕೆಸ್ಟ್ರಾದ ಗಿಟಾರಿಸ್ಟ್. ಬೆಲ್‌ಬಾಟಮ್ ಪ್ಯಾಂಟು, ಕಿವಿ ಮುಚ್ಚುವ ಕೂದಲು. ಫೋಟೋ ಈಗಲೂ ಗೋಡೆಯ ಮೇಲಿದೆ. ಬಸರೀಕಟ್ಟೆ ಕಡೆಯ ಎಸ್ಟೇಟಿನ ಮ್ಯಾನೇಜರೊಬ್ಬರು ಊರು ಬಿಡುವಾಗ ಇವರ ಕೈಚಳಕ ಮೆಚ್ಚಿ ಆ ಆಂಪ್ಲಿಫೈಯರನ್ನು ಜೀಪಿನಲ್ಲಿ ಹಾಕಿ ಕಳಿಸಿದ್ದರಂತೆ. ಕೀಬೋರ್ಡು ಬಂತು, ಆಮೇಲೆ ಡಿಜೆ ಬಂತು, ಆರ್ಕೆಸ್ಟ್ರಾ ಪಾರ್ಟಿ ಮುಚ್ಚಿತು. ಭಾವ ಮರುಳಸಿದ್ದಪ್ಪನವರೇ ಹೇಳಿ ಸೊಸೈಟಿಯಲ್ಲಿ ಗುಮಾಸ್ತರ ಕೆಲಸ ಕೊಡಿಸಿದರು. ಈಗ ಅದರಿಂದಲೂ ನಿವೃತ್ತಿ. ದಿನಕ್ಕೆ ಒಂದು ಹೊತ್ತು ಗಿಟಾರ್ ಹಿಡಿಯದಿದ್ದರೆ ಇವರಿಗೆ ಊಟ ಸೇರುವುದಿಲ್ಲವೆಂದು ಪ್ರೇಮಕ್ಕ ಹೇಳುತ್ತಿದ್ದರು.

ಮನುಷ್ಯ ಬಲು ಮೆದು. ಯಾರ ಮುಖಕ್ಕೂ ಒಂದು ಮಾತು ಹೇಳಿದವರಲ್ಲ. ಆರ್ಕೆಸ್ಟ್ರಾದಲ್ಲಿ ಹಾಡುವವನು ಶ್ರುತಿ ತಪ್ಪಿದರೆ ‘ತಪ್ಪಿತು’ ಅನ್ನುತ್ತಿರಲಿಲ್ಲವಂತೆ. ಸರಿಯಾದ ಸ್ವರವನ್ನು ಗಿಟಾರಿನಲ್ಲಿ ಅವನಿಗೆ ಕೇಳಿಸುವ ತನಕ ಒತ್ತಿ ಒತ್ತಿ ನುಡಿಸುತ್ತಿದ್ದರಂತೆ.

ಮೊದಲ ಸಲ ನಾನು ಹೋದದ್ದು ಮಧ್ಯಾಹ್ನ.

“ಗುಂಯ್ ಅನ್ನತ್ತೆ ಮಾರಾಯ. ನಡುನಡುವೆ ಹುಣಸೆಬೀಜ ಹುರಿದ ಹಾಗೆ ಚಟಪಟ,” ಎಂದರು ರೇಣುಕಾಪ್ರಸಾದ್.

ಹಚ್ಚಿ ನೋಡಿದೆ. ಗುಂಯ್ ಇಲ್ಲ, ಚಟಪಟವೂ ಇಲ್ಲ. ಆದರೂ ಜೇಬಿನ ಮೇಲಿನ ಹೊಲಿಗೆಯ ಮರ್ಯಾದೆ ಉಳಿಸಬೇಕಲ್ಲ. ಹಿಂದಿನ ಹಲಗೆ ಬಿಚ್ಚಿ ವಾಲ್ವ್‌ಗಳನ್ನು ಒಂದೊಂದಾಗಿ ಪೆನ್ಸಿಲ್ಲಿನಿಂದ ತಟ್ಟಿದೆ. ಒಂದು ವಾಲ್ವ್ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯ ಹಾಗೆ ಟಿಣ್ ಎಂದಿತು. “ಸಿಕ್ಕಿತು ಸಾರ್,” ಎಂದು ಘೋಷಿಸಿ, ಅವರ ಪೆಟ್ಟಿಗೆಯಲ್ಲೇ ಇದ್ದ ಬೇರೆ ವಾಲ್ವ್ ಹಾಕಿ, ಅದರ ಪಿನ್ನುಗಳನ್ನು ಉಜ್ಜಿ, ಮಂಡಕ್ಕಿ ಉಸುಳಿ ತಿಂದು ಬಂದೆ. ಬೈಕು ಕೊಪ್ಪ ಮುಟ್ಟುವ ಹೊತ್ತಿಗೆ ಫೋನು.

“ಬಂತು,” ಎಂದರು.

ಎರಡನೆಯ ಸಲ ಹೋಗಿ ಕಂಡೆನ್ಸರುಗಳನ್ನು ಬದಲಿಸಿದೆ. ಹಳೆಯವು ಉಬ್ಬಿದ್ದವು, ಸುಳ್ಳಲ್ಲ. ಹಗಲು ಹೊತ್ತು ಆಂಪ್ಲಿಫೈಯರ್ ಗುಡಿಯ ಒಳಗಿನಷ್ಟು ಶಾಂತವಾಗಿತ್ತು. ಸಂಜೆಗೆ ಮತ್ತೆ ಫೋನು, “ಬಂತು.”

ಅಂಗಡಿಯಲ್ಲಿ ಲಕ್ಷ್ಮೀಶಣ್ಣ ನಕ್ಕು ನಕ್ಕು ಸಾಕಾದರು. “ನಿನ್ನ ಮುಖ ಕಂಡ್ರೆ ಕಾಯಿಲೆನೇ ಹೆದರತ್ತೆ ಕಣೋ. ನೀನು ಬಂದ ಮೇಲೆ ಮತ್ತೆ ಬರತ್ತೆ. ಅಲ್ಲೇ ಒಂದು ರೂಮ್ ಮಾಡ್ಕೊಂಡು ಇರು.”

ಮೂರನೆಯ ಸಲ ಬೇಕೆಂದೇ ಇಳಿಹೊತ್ತಿಗೆ ಹೋಗಿ ಕೂತೆ. ಭತ್ತ ಕಾಳು ಕಟ್ಟಿದ ದಿನಗಳು. ಬೇಗ ಕತ್ತಲಾಗುತ್ತಿತ್ತು, ಇಬ್ಬನಿಯೂ ಬೇಗ ಇಳಿಯುತ್ತಿತ್ತು. ರೇಣುಕಾಪ್ರಸಾದ್ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಹಳೆಯದೊಂದು ರಾಗ ನುಡಿಸುತ್ತಿದ್ದರು. ಜೇನಿನ ಹಾಗಿತ್ತು ಆ ಧ್ವನಿ. ಗದ್ದೆಯಾಚೆ ಭಾವನ ಜಗಲಿಯ ದೀಪ ಹತ್ತಿತು. ಅದೇ ಕ್ಷಣಕ್ಕೆ ಸ್ಪೀಕರಿನಲ್ಲಿ ಗುಂಯ್ ಎಂದು ಶುರುವಾಯಿತು, ಯಾರೋ ನಲ್ಲಿ ತಿರುಗಿಸಿದ ಹಾಗೆ.

ಗಿಟಾರಿನ ವಯರ್ ಎಳೆದೆ. ಶಬ್ದ ನಿಂತಿತು. ಸಿಕ್ಕಿಸಿದೆ. ಬಂತು. ಅಂದರೆ ಆಂಪ್ಲಿಫೈಯರಿನದು ತಪ್ಪಲ್ಲ, ಗಿಟಾರಿನ ತಂತಿಗಳ ಕೆಳಗಿರುವ ಕಾಯಿಲ್ ಎಲ್ಲಿಂದಲೋ ಅದನ್ನು ಹಿಡಿಯುತ್ತಿದೆ. ಗಿಟಾರನ್ನು ಎತ್ತಿಕೊಂಡು ನಿಂತಲ್ಲೇ ತಿರುಗಿದೆ. ಅಡಿಗೆಮನೆಯ ಕಡೆ ತಿರುಗಿಸಿದಾಗ ಸಣ್ಣದಾಯಿತು. ಗದ್ದೆಯ ಕಡೆ ತಿರುಗಿಸಿದಾಗ ಹಲ್ಲು ಜುಮ್ಮೆನ್ನುವಷ್ಟು ಜೋರಾಯಿತು. ಕಿಟಕಿಯ ಹತ್ತಿರ ಹೋದ ಹಾಗೆ ಚಟಪಟ.

ಕಿಟಕಿಯಿಂದ ನೋಡಿದೆ. ಗದ್ದೆಯ ಅಂಚಿನುದ್ದಕ್ಕೂ ಬಿದಿರಿನ ಗೂಟ, ಗೂಟದಿಂದ ಗೂಟಕ್ಕೆ ಒಂದೇ ಎಳೆ ತಂತಿ. ಇಬ್ಬನಿ ಬಿದ್ದ ಹುಲ್ಲು ಅದಕ್ಕೆ ತಾಗುತ್ತಿತ್ತು. ಸೋಲಾರ್ ಬೇಲಿಯಾಗಿದ್ದರೆ ಟಿಕ್ ಟಿಕ್ ಎಂದು ಬಿಟ್ಟು ಬಿಟ್ಟು ಬರಬೇಕು. ಇದು ಬಿಡುವಿಲ್ಲದ ಗುಂಯ್. ಮನೆಯ ಕರೆಂಟನ್ನೇ ನೇರವಾಗಿ ತಂತಿಗೆ ಕೊಟ್ಟಿದ್ದಾರೆ. ಕಾಡುಹಂದಿಗೆ. ತಾಗಿದರೆ ಹಂದಿ ಉಳಿಯುವುದಿಲ್ಲ. ಹಂದಿಯೇ ಆಗಬೇಕೆಂದೂ ಇಲ್ಲ.

ತಿರುಗಿ ನೋಡಿದರೆ ರೇಣುಕಾಪ್ರಸಾದ್ ನನ್ನ ಬಾಯನ್ನೇ ನೋಡುತ್ತಿದ್ದರು.

“ಎಲ್ಲಿಂದ ಬರತ್ತೆ?” ಎಂದರು. ಗಿಟಾರಿನ ಕುತ್ತಿಗೆ ಇನ್ನೂ ಗದ್ದೆಯ ಕಡೆಗೇ ಇತ್ತು.

ಮರುಳಸಿದ್ದಪ್ಪನವರು ನಮ್ಮ ಅಂಗಡಿಯ ಗಿರಾಕಿ. ಮನೆಗೆ, ಅಡಿಕೆ ಸುಲಿಯುವ ಶೆಡ್ಡಿಗೆ, ಮಗಳ ಮನೆಗೆ, ಎಲ್ಲದಕ್ಕೂ ಬ್ಯಾಟರಿ ನಮ್ಮದೇ. ಅವರು ಹೇಳಿ ಕಳಿಸಿದ ಗಿರಾಕಿಗಳಿಗೆ ಲೆಕ್ಕವಿಲ್ಲ. ಲಕ್ಷ್ಮೀಶಣ್ಣನ ಮುಖ, ನನ್ನ ಜೇಬಿನ ಹೊಲಿಗೆ ಎರಡೂ ಒಟ್ಟಿಗೇ ಕಣ್ಣ ಮುಂದೆ ಬಂದವು.

“ಗಿಟಾರಿನ ಕಾಯಿಲ್ ಹಳೇದಾಗಿದೆ ಸಾರ್,” ಎಂದೆ. “ಗಾಳೀಲಿರೋದನ್ನೆಲ್ಲ ಹಿಡೀತದೆ.”

ಅವರು ಗಿಟಾರ್ ತೆಗೆದುಕೊಂಡು ಗೋಡೆಗೆ ಒರಗಿಸಿದರು. ಟಾರ್ಚ್ ಹಿಡಿದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಪ್ರೇಮಕ್ಕ ಒಳಗಿಂದ ನಗುತ್ತ ಬಂದರು. “ಹೊರಟ್ರಾ? ಡೈರಿ ಡ್ಯೂಟಿ! ನೋಡು ತಮ್ಮ, ಭತ್ತ ಕದಿರು ಬಿಟ್ಟಾಗಿಂದ ಇವರಿಗೆ ಒಂದು ಹುಚ್ಚು. ಸಂಜೆಯಾದ್ರೆ ಗದ್ದೆ ಮೂಲೇಲಿ ಹೋಗಿ ನಿಲ್ಲೋದು, ಸುಲೋಚನಮ್ಮ ಡೈರಿಗೆ ಹಾಲು ಹಾಕಿ ಬರೋದನ್ನ ಕಾಯೋದು. ಈ ವಯಸ್ಸಲ್ಲಿ ಹಾಲಿನ ಮೇಲೆ ಪ್ರೀತಿ ಬಂತು ಅಂತ ನಾನು ಸುಮ್ನಿದೀನಿ.”

ನಾನು ನಕ್ಕೆ. ಬೈಕ್ ಹತ್ತಿ ಗದ್ದೆಯ ಮೂಲೆಗೆ ಬರುವ ತನಕ ನಗುತ್ತಲೇ ಇದ್ದೆ. ಅಲ್ಲಿ ರೇಣುಕಾಪ್ರಸಾದ್ ನಿಂತಿದ್ದರು. ಡೈರಿಯ ಕಡೆಯಿಂದ ಐವತ್ತು ದಾಟಿದ ಹೆಂಗಸೊಬ್ಬಳು ಖಾಲಿ ಕ್ಯಾನು ಬೀಸುತ್ತ ಬಂದಳು. ಅಂಚಿನ ಮೇಲೆ ಹೋದರೆ ಅವಳ ಮನೆ ಹತ್ತಿರ, ರಸ್ತೆಯಲ್ಲಾದರೆ ಸುತ್ತು. ಅವಳು ಅಂಚಿಗೆ ಕಾಲಿಡುವ ಮೊದಲೇ ಇವರು ಅಡ್ಡ ನಿಂತು ಕೇಳಿದರು, “ಸುಲೋಚನಮ್ಮ, ಕರು ಹೇಗಿದೆ? ಭೇದಿ ನಿಲ್ತಾ?” ಕೇಳುತ್ತ ಕೇಳುತ್ತ ಅವಳನ್ನು ರಸ್ತೆಯಲ್ಲೇ ಕರೆದುಕೊಂಡು ಹೊರಟರು. ಅವಳು ಕರುವಿನ ಹೊಟ್ಟೆಯ ವಿಚಾರ ಹೇಳುತ್ತಲೇ ಹೋದಳು.

ಗೊತ್ತಿದೆ, ಇವರಿಗೆ ಗೊತ್ತಿದೆ. ಬೈಕಿನ ಮೇಲೆ ಕೂತವನಿಗೆ ನಗು ನಿಂತುಹೋಯಿತು. ಈಗ ನನಗೂ ಗೊತ್ತಿದೆ. ಅವರಾದರೂ ಟಾರ್ಚ್ ಹಿಡಿದು ಬಂದು ನಿಲ್ಲುತ್ತಾರೆ. ನಾನು ಕಾಯಿಲ್ ಹಳೇದು ಅಂದೆ.

ಮುಂದಿನ ದಿನಗಳಲ್ಲಿ ಯಾರ ಮನೆಯ ಬ್ಯಾಟರಿ ಮುಟ್ಟಿದರೂ ಕಿವಿಯಲ್ಲಿ ಗುಂಯ್. ಫೋನು ಹೊಡೆದುಕೊಂಡಾಗಲೆಲ್ಲ ನರಸಿಂಹರಾಜಪುರದಿಂದ ಏನು ಸುದ್ದಿಯೋ ಎಂದು ಮೊದಲು ನಂಬರು ನೋಡುತ್ತಿದ್ದೆ. ಭಾನುವಾರ ಅಂಗಡಿಗೆ ರಜೆ. ನಾಲ್ಕನೆಯ ಸಲ, ಯಾರೂ ಕರೆಯದೆ, ಹೋದೆ. ಪ್ರೇಮಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದರು.

“ರೇಣುಕಣ್ಣ,” ಎಂದೆ. ಸಾರ್ ಅನ್ನಲು ಬಾಯಿ ಬರಲಿಲ್ಲ. “ಅದು ಕಾಯಿಲ್ ಅಲ್ಲ.”

“ನಂಗೊತ್ತು.”

“ಮತ್ತೆ ನನ್ನನ್ನ ಎಂತಕ್ಕೆ ಕರೆದ್ರಿ?”

“ನೀನು ಕಂಪನಿಯವನು ಅಂತ,” ಎಂದರು. ಕಣ್ಣು ನನ್ನ ಜೇಬಿನ ಹೊಲಿಗೆಯ ಮೇಲಿತ್ತು. “ನೀನು ಕಂಡುಹಿಡಿದು ಹೇಳಿದ್ರೆ ಅದು ಎಂಜಿನಿಯರ್ ಹೇಳಿದ ಹಾಗಾಗತ್ತೆ. ನಾನು ಹೇಳಿದ್ರೆ ಮೈದುನ ತಕರಾರು ತೆಗೆದ ಹಾಗಾಗತ್ತೆ.”

“ನಿಮ್ಮ ಸ್ವಂತ ಭಾವ ಅಲ್ವಾ?”

“ಅದಕ್ಕೇ. ಅನ್ನ ಅವರದು, ಕೆಲಸ ಅವರು ಕೊಡ್ಸಿದ್ದು, ನೀನು ಕೂತಿರೋ ನೆಲ ಅವರದು. ಅವರ ಮನೆ ಸ್ವಿಚ್ಚಿಗೆ ನಾನು ಬೆರಳು ತೋರಿಸೋದಾ?”

ಆಮೇಲೆ ನಾವಿಬ್ಬರು ಹೇಡಿಗಳು ಕೂತು ಮೂರನೆಯವನನ್ನು ಹುಡುಕಿದೆವು.

“ಲೈನ್‌ಮನ್‌ಗೆ ಹೇಳೋಣ.”

“ಅವನು ಭಾವನ ಜಗಲೀಲೇ ಕಾಫಿ ಕುಡಿಯೋದು.”

“ಹೆಸರು ಹೇಳದೆ ಕರೆಂಟ್ ಆಫೀಸಿಗೆ ಒಂದು ಫೋನ್ ಮಾಡಿ.”

“ನಾನಾ? ಹತ್ತು ವರ್ಷ ಸ್ಟೇಜ್ ಮೇಲೆ ಅನೌನ್ಸ್‌ಮೆಂಟ್ ಮಾಡಿದವನು ಮಾರಾಯ. ನನ್ನ ದನಿ ಇಡೀ ತಾಲೂಕಿಗೆ ಗೊತ್ತು. ನೀನೇ ಮಾಡು.”

“ನನ್ನ ನಂಬರು ಆಫೀಸಿನವರ ಫೋನಲ್ಲೇ ಇದೆ. ಇನ್ವರ್ಟರ್ ರಾಕೇಶ ಅಂತ ಬರತ್ತೆ.”

“ಸುಲೋಚನಮ್ಮನಿಗೇ ಹೇಳಿದ್ರೆ?” ಎಂದೆ.

“ಅವಳಿಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ. ಯಾರು ಹೇಳಿದ್ದು ಅಂತ ಭಾವ ಕೇಳಲ್ವಾ?”

ಅವರು ಆಂಪ್ಲಿಫೈಯರಿನ ಗುಬುಟು ತಿರುಗಿಸಿದರು. ಆಮೇಲೆ ಎದ್ದು, “ಹಿಡಿ, ಆ ಕಡೆ,” ಎಂದರು.

“ಎಲ್ಲಿಗೆ?”

“ಭಾವನ ಜಗಲಿಗೆ. ಅವರ ಕಿವಿಗೇ ಬೀಳ್ಲಿ. ಬಿದ್ರೆ ಅವರೇ ಕೇಳ್ತಾರೆ, ಇದೇನು ಶಬ್ದ ಅಂತ. ಆಗ ನೀನು ಹೇಳು.”

ಕೊನೆಗೂ ‘ನೀನು ಹೇಳು’ ಎಂಬಲ್ಲಿಗೇ ಬಂದು ನಿಂತಿತು. ಆದರೂ ಹಿಡಿದೆ. ಆ ಪೆಟ್ಟಿಗೆಯ ಭಾರಕ್ಕೆ ಸೊಂಟ ನೋಯುತ್ತಿದ್ದರೂ ಒಂದು ಥರ ಸಮಾಧಾನವಾಯಿತು. ರಸ್ತೆಯ ಮೇಲೆ ಬೈಕಿನಲ್ಲಿ, ನಡುವೆ ಪೆಟ್ಟಿಗೆ, ಹಿಂದೆ ಗಿಟಾರ್ ಹಿಡಿದ ರೇಣುಕಣ್ಣ.

ಮರುಳಸಿದ್ದಪ್ಪನವರು ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಿದ್ದರು. ಹಣೆಯ ಮೇಲೆ ವಿಭೂತಿ, ದೊಡ್ಡ ದೇಹ, ಮೆಲ್ಲನೆಯ ಮಾತು. “ಏನು ರೇಣುಕಾಪ್ರಸಾದ್ರೇ, ಕಚೇರಿನಾ? ಬನ್ನಿ ಬನ್ನಿ. ನಮ್ಮನೇಲಿ ಬಾರಿಸದೆ ಎಷ್ಟು ಕಾಲ ಆಯ್ತು!” ಎಂದರು. ನನ್ನನ್ನು ನೋಡಿ, “ಓ, ಬ್ಯಾಟರಿ ಎಂಜಿನಿಯರ್ರೂ ಬಂದಿದಾರೆ,” ಎಂದು ಒಳಗೆ ಕಾಫಿಗೆ ಹೇಳಿದರು. ಅವರು ಅಷ್ಟು ಒಳ್ಳೆಯವರಾಗಿ ಮಾತಾಡದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ರೇಣುಕಣ್ಣ ನುಡಿಸತೊಡಗಿದರು. ಬಾಗಿಲ ಪಕ್ಕದ ಬೋರ್ಡಿನಿಂದಲೇ ಕರೆಂಟು. ವಾಲ್ವ್‌ಗಳು ಕೆಂಡದ ಬಣ್ಣಕ್ಕೆ ಬಂದವು. ಸ್ವರ ಜಗಲಿ ದಾಟಿ, ಅಂಗಳ ದಾಟಿ ಗದ್ದೆಗೆ ಹೋಯಿತು. ಮರುಳಸಿದ್ದಪ್ಪನವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಬೆಳಕು ಇಳಿಯಿತು. ಅವರು ರಾಗ ಕೇಳುತ್ತಲೇ ಎದ್ದು, ದಿನಾ ಮಾಡುವ ಹಾಗೆ, ಬೋರ್ಡಿಗೆ ಕೈ ಚಾಚಿ ಎರಡು ಸ್ವಿಚ್ ಒತ್ತಿದರು. ಒಂದಕ್ಕೆ ಜಗಲಿಯ ದೀಪ ಹತ್ತಿತು. ಇನ್ನೊಂದಕ್ಕೆ ಆಂಪ್ಲಿಫೈಯರ್ ಕೂಗಿಕೊಂಡಿತು.

ಅಲ್ಲಿ, ಅಷ್ಟು ಹತ್ತಿರದಲ್ಲಿ, ಅದು ಗುಂಯ್ ಆಗಿರಲಿಲ್ಲ. ಗರಗಸದ ಮಿಲ್ಲಿನೊಳಗೆ ಕೂತ ಹಾಗಿತ್ತು.

“ಅಯ್ಯೋ, ನಿಮ್ಮ ಡಬ್ಬಕ್ಕೆ ಏನಾಯ್ತು?” ಎಂದರು ಮರುಳಸಿದ್ದಪ್ಪ ಕಿವಿ ಮುಚ್ಚಿಕೊಂಡು. “ಏನಪ್ಪಾ ಎಂಜಿನಿಯರೇ, ಇದೇನು ಶಬ್ದ?”

ಕೇಳಿಯೇಬಿಟ್ಟರು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. “ಅದು... ಅರ್ತಿಂಗ್...” ಎಂದೆ. ಮುಂದೆ ಏನೂ ಬರಲಿಲ್ಲ.

ಆಗ ರೇಣುಕಣ್ಣನ ಕಣ್ಣು ನನ್ನನ್ನು ಬಿಟ್ಟು ಗದ್ದೆಯ ಕಡೆ ಹೋಯಿತು. ಆಚೆ ಮೂಲೆಯಲ್ಲಿ ಸಣ್ಣದೊಂದು ಬೆಳಕು, ಮೊಬೈಲಿನದು, ಅಂಚಿನ ಮೇಲೆ ಓಲಾಡುತ್ತ ಬರುತ್ತಿತ್ತು. ಸಂಜೆಯಾಗಿತ್ತು. ಮೂಲೆಯಲ್ಲಿ ನಿಲ್ಲಬೇಕಾದವರು ಇಲ್ಲಿ ಗಿಟಾರ್ ಹಿಡಿದು ಕೂತಿದ್ದರು.

ಗಿಟಾರ್ ತೊಡೆಯಿಂದ ಜಾರಿ ಕೆಂಪು ನೆಲಕ್ಕೆ ಬಿತ್ತು. ರೇಣುಕಣ್ಣ ಎದ್ದು, ಭಾವನನ್ನು ಭುಜದಿಂದ ತಳ್ಳಿಕೊಂಡೇ ಹೋಗಿ, ಬೋರ್ಡಿನ ಮೇಲೆ ಅಂಗೈ ಬಡಿದರು. ದೀಪವೂ ಆರಿತು, ಶಬ್ದವೂ ಸತ್ತಿತು.

“ಸುಲೋಚನಮ್ಮ ಬರ್ತಿದಾಳೆ,” ಎಂದರು. “ಅಂಚಿನ ಮೇಲೆ. ನಿಮ್ಮ ತಂತಿ ದಾಟಿ.”

ಮರುಳಸಿದ್ದಪ್ಪನವರು ಅಂಗಳದ ತುದಿಗೆ ಹೋಗಿ ನಿಂತರು. ಬೆಳಕು ಒಂದು ಕಡೆ ನಿಂತಿತು, ಕೆಳಗೆ ಬಾಗಿತು, ಮತ್ತೆ ಮೇಲೆದ್ದು ನಮ್ಮ ಕಡೆ ಬರತೊಡಗಿತು. ಅವರು ಹಿಂದಕ್ಕೆ ಬಂದು ಜಗಲಿಯ ಕಂಬ ಹಿಡಿದುಕೊಂಡರು.

“ಎಲ್ಲರೂ ರಸ್ತೇಲಿ ಬರ್ತಾರೆ ಅಂದ್ಕೊಂಡಿದ್ದೆ,” ಎಂದರು. “ನಮ್ಮ ಆಳುಗಳಿಗೆಲ್ಲ ಹೇಳಿದ್ದೆ, ಸಂಜೆ ಮೇಲೆ ಈ ಕಡೆ ಬರಬೇಡಿ ಅಂತ. ಒಂದೇ ವಾರದಲ್ಲಿ ಅರ್ಧ ಗದ್ದೆ ಹಂದಿ ಹೊಡೆದು ಹಾಕಿತ್ತು...” ಮಾತು ನಿಲ್ಲಿಸಿ ತಿರುಗಿದರು. “ನಿಮಗೆ ಯಾವಾಗಿಂದ ಗೊತ್ತು?”

“ಕದಿರು ಬಂದಾಗಿಂದ.”

“ಒಂದು ಮಾತು ಹೇಳಬಹುದಿತ್ತಲ್ರೀ. ನಾನು ಹುಲೀನಾ?”

ಇಷ್ಟು ದಿನ ನಾವು ಹೆದರಿದ್ದ ಕೋಪ ಅವರಲ್ಲಿ ಎಲ್ಲೂ ಕಾಣಲಿಲ್ಲ. ಕೋಪ ಬಂದಿದ್ದರೆ ರೇಣುಕಣ್ಣನಿಗೂ ನನಗೂ ಎಷ್ಟೋ ವಾಸಿಯಾಗುತ್ತಿತ್ತು.

ಅಷ್ಟರಲ್ಲಿ ಸುಲೋಚನಮ್ಮ ಕ್ಯಾನು ಬೀಸುತ್ತ ಅಂಗಳಕ್ಕೇ ಬಂದುಬಿಟ್ಟಳು. ಸೀರೆಯ ಅಂಚು ಇಬ್ಬನಿಗೆ ತೊಯ್ದಿತ್ತು. “ಎಂತ ಕತ್ತಲೇಲಿ ನಿಂತಿದೀರಿ ಎಲ್ಲ? ಗಿಟಾರ್ ಕೇಳಿಸ್ತು, ರಸ್ತೇಲಿ ಸುತ್ತಿ ಬರೋ ಹೊತ್ತಿಗೆ ಮುಗಿದುಹೋಗತ್ತೆ ಅಂತ ಅಂಚಿನ ಮೇಲೇ ಓಡಿಬಂದೆ. ನಿಲ್ಸಿಬಿಟ್ರಾ ರೇಣುಕಪ್ಪ?”

ಗಿಟಾರ್ ಕೇಳಿ ಬಂದಳು. ರೇಣುಕಣ್ಣ ಜಗಲಿಯ ಮೆಟ್ಟಿಲ ಮೇಲೆ ಕೂತರು. ತಲೆಯೆತ್ತಿ ಅವಳ ಮುಖಕ್ಕೇ ನೇರವಾಗಿ ಹೇಳಿದರು, “ಸುಲೋಚನಮ್ಮ, ನೀನು ದಾಟಿದ ತಂತೀಲಿ ಈಗಷ್ಟೇ ಆರಿಸೋ ತನಕ ಕರೆಂಟ್ ಇತ್ತು. ದಿನಾ ಸಂಜೆ ಇರತ್ತೆ. ನಂಗೆ ಗೊತ್ತಿತ್ತು.”

ಅವಳು ತನ್ನ ಕಾಲು ನೋಡಿಕೊಂಡಳು. ಮರುಳಸಿದ್ದಪ್ಪನವರನ್ನು ನೋಡಿದಳು, ಅವರು ತಲೆ ತಗ್ಗಿಸಿದರು. ಕೊನೆಗೆ ನನ್ನನ್ನು ನೋಡಿದಳು. “ಈ ಹುಡುಗನಿಗೂ ಗೊತ್ತಿತ್ತಾ?”

ಗೊತ್ತಿತ್ತು ಎಂದು ತಲೆಯಾಡಿಸಿದೆ. ಬಾಯಿ ಆಗಲೂ ಬರಲಿಲ್ಲ.

“ಅಂದ್ರೆ ನನಗೊಬ್ಬಳಿಗೆ ಗೊತ್ತಿರಲಿಲ್ಲ,” ಎಂದಳು.

ಒಳಗಿಂದ ಬಂದ ಕಾಫಿಯನ್ನು ಅವಳು ಮುಟ್ಟಲಿಲ್ಲ. ಕ್ಯಾನು ಎತ್ತಿಕೊಂಡು ರಸ್ತೆಯ ಕಡೆಯಿಂದ ಹೋದಳು. ಜೊತೆಗೆ ಬರುತ್ತೇನೆ ಅನ್ನುವ ಮುಖ ನಮ್ಮ ಮೂವರಲ್ಲಿ ಯಾರಿಗೂ ಇರಲಿಲ್ಲ.

ಮರುಳಸಿದ್ದಪ್ಪನವರು ಬೋರ್ಡಿನಿಂದ ಆ ವಯರನ್ನು ಕಿತ್ತು ತೆಗೆಸಿದರು. ಕಿತ್ತವನು ನಾನು. ತಂತಿ ಬೆಳಗ್ಗೆ ಸುತ್ತೋಣ ಎಂದೆ. ಭಾವ ಮೈದುನ ಇಬ್ಬರೂ ಕೇಳಲಿಲ್ಲ. ಟಾರ್ಚ್ ಹಿಡಿದು ಮೂವರೂ ಅಂಚಿಗಿಳಿದೆವು. ನಾನು ಗೂಟದ ಗಂಟು ಬಿಚ್ಚುವುದು, ರೇಣುಕಣ್ಣ ಬರಿಗೈಯಲ್ಲಿ ತಂತಿ ಸುತ್ತುವುದು, ಮರುಳಸಿದ್ದಪ್ಪನವರು ಬೆಳಕು ಹಿಡಿಯುವುದು. ಮೂಲೆಗೆ ಇನ್ನು ಸ್ವಲ್ಪವೇ ದೂರವಿರುವಾಗ ಸುಲೋಚನಮ್ಮನ ಬೆಳಕು ಬಾಗಿದ್ದ ಕಡೆ ಹುಲ್ಲು ಮಲಗಿತ್ತು. ಒದ್ದೆ ಮಣ್ಣಿನಲ್ಲಿ ಚಪ್ಪಲಿಯ ಗುರುತು, ತಂತಿಯ ಆ ಬದಿಗೊಂದು, ಈ ಬದಿಗೊಂದು. ನಡುವೆ ತಂತಿ ಗೂಟದಿಂದ ಸಡಿಲಾಗಿ, ಮೊಣಕಾಲಿಗಿಂತ ಕೆಳಗೆ ಜೋತುಬಿದ್ದಿತ್ತು.

ರೇಣುಕಣ್ಣ ಸುತ್ತುವುದನ್ನು ನಿಲ್ಲಿಸಿದರು. ಮರುಳಸಿದ್ದಪ್ಪನವರು ಬೆಳಕನ್ನು ಅಲ್ಲೇ ಹಿಡಿದಿದ್ದರು. ಅದನ್ನು ಬೇರೆ ಕಡೆ ತಿರುಗಿಸಿ ಎಂದು ಹೇಳಲೂ ನಮ್ಮಿಬ್ಬರಿಗೆ ಆಗಲಿಲ್ಲ.